ಔಷಧಿಗಳು ಹೆಚ್ಚಾದವು, ಮೂರ್ಛೆ ರೋಗದ ಆ ಮೂರನೇ ಒಂದು ಪಾಲು ಯಾಕೆ ಕದಲಲಿಲ್ಲ?

ಎರಡು ಅಂಕಿಗಳಿಂದ ಶುರು ಮಾಡೋಣ. 2000ನೇ ಇಸವಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಪ್ಯಾಟ್ರಿಕ್ ಕ್ವಾನ್ ಮತ್ತು ಮಾರ್ಟಿನ್ ಬ್ರೋಡಿ ಎಂಬ ಇಬ್ಬರು ವೈದ್ಯರು ಒಂದು ಪೇಪರ್ ಪ್ರಕಟಿಸಿದರು. 525 ಮೂರ್ಛೆ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಶೇ. 63ರಷ್ಟು ಜನರಿಗೆ ಫಿಟ್ಸ್ ಪೂರ್ತಿ ನಿಂತಿತ್ತು. 2018ರಲ್ಲಿ ಅದೇ ಊರಿನಿಂದ ಇನ್ನೂ ದೊಡ್ಡ ಲೆಕ್ಕ ಬಂತು. 1,795 ರೋಗಿಗಳು, ಮೂವತ್ತು ವರ್ಷಗಳ ದಾಖಲೆ. ಫಿಟ್ಸ್ ನಿಂತವರು ಶೇ. 63.7. ಅಂದರೆ ಎರಡೂ ಸಲ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಜನರಿಗೆ ಫಿಟ್ಸ್ ನಿಂತಿರಲಿಲ್ಲ.

ಆ ಮೂವತ್ತು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಹೊಸ ಔಷಧಿಗಳು ಮಾರುಕಟ್ಟೆಗೆ ಬಂದಿದ್ದವು. ಅವು ದಂಡ ಅಂತ ನಾನು ಹೇಳುತ್ತಿಲ್ಲ. ಹಲವಕ್ಕೆ ಅಡ್ಡ ಪರಿಣಾಮ ಕಡಿಮೆ, ಬೇರೆ ಮಾತ್ರೆಗಳ ಜೊತೆ ತಕರಾರು ಕಡಿಮೆ, ಗರ್ಭಿಣಿಯರಿಗೆ ಹಳೆಯ ವಾಲ್ಪ್ರೊಯೇಟ್‌ಗಿಂತ ಎಷ್ಟೋ ಸುರಕ್ಷಿತವಾದವೂ ಇವೆ. ಆದರೆ ಹಳೆಯ ಔಷಧಿಗೆ ಬಗ್ಗದ ಫಿಟ್ಸು ಹೊಸದಕ್ಕೂ ಅಷ್ಟಾಗಿ ಬಗ್ಗಲಿಲ್ಲ. ಗ್ಲಾಸ್ಗೋದ ಮೊದಲ ಲೆಕ್ಕದಲ್ಲೇ ಇದು ಕಾಣುತ್ತಿತ್ತು. ಮೊದಲ ಔಷಧಿಯಲ್ಲಿ ಶೇ. 47 ಮಂದಿಗೆ ಹಿಡಿತ ಸಿಕ್ಕಿತ್ತು, ಎರಡನೆಯದರಲ್ಲಿ ಇನ್ನು ಶೇ. 13. ಅದರಾಚೆಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅದಕ್ಕೇ 2010ರಲ್ಲಿ ಅಂತಾರಾಷ್ಟ್ರೀಯ ಮೂರ್ಛೆರೋಗ ವಿರೋಧಿ ಒಕ್ಕೂಟ ಒಂದು ಗೆರೆ ಎಳೆಯಿತು: ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ಸರಿಯಾಗಿ ಕೊಟ್ಟೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಜಗ್ಗದ ಮೂರ್ಛೆ ರೋಗ ಎಂದೇ ಕರೆಯಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆ. ಅದರ ಮೂರನೇ ಒಂದು ಪಾಲು ಎಂದರೆ ಎಷ್ಟಾಯಿತು ನೋಡಿ. ಇದರ ಹಿಂದೆ ಬಿದ್ದಿರುವ ಸಂಶೋಧಕರೇನು ಕಡಿಮೆ ಇಲ್ಲ, ಜೀವಮಾನವನ್ನೇ ಇದಕ್ಕೆ ಕೊಟ್ಟವರಿದ್ದಾರೆ. ಹಾಗಿದ್ದೂ ಆ ಪಾಲು ಯಾಕೆ ಕದಲಲಿಲ್ಲ? ಮೆದುಳು ಕಷ್ಟದ ಅಂಗ ಅನ್ನೋದು ಮಾಮೂಲಿ ಉತ್ತರ. ಸರಿ, ಒಪ್ಪೋಣ. ಆದರೆ ನನ್ನ ಪ್ರಕಾರ ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಜಾಸ್ತಿ ಮಾತಾಡೋದಿಲ್ಲ. ಈ ಕಾಯಿಲೆ ಬೆಳೆಯುವ ವೇಗಕ್ಕೂ ಒಬ್ಬ ವಿಜ್ಞಾನಿಯ ವೃತ್ತಿ ನಡೆಯುವ ವೇಗಕ್ಕೂ ತಾಳವೇ ಕೂಡುವುದಿಲ್ಲ.

ಮೊದಲು ಒಂದು ಹಳೆಯ ಸಾಲದ ಕಥೆ ಹೇಳಬೇಕು.

ಮನುಷ್ಯನ ಮೆದುಳಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಮೂರ್ಛೆ ರೋಗಿಗಳಿಂದಲೇ ಬಂದಿದೆ. ಕಾರಣ ಸರಳ. ಆರೋಗ್ಯವಾಗಿರುವವರ ತಲೆಬುರುಡೆ ತೆಗೆದು ಒಳಗೆ ಎಲೆಕ್ಟ್ರೋಡ್ ಇಡಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಫಿಟ್ಸ್ ಎಲ್ಲಿಂದ ಹುಟ್ಟುತ್ತಿದೆ ಎಂದು ಹುಡುಕುವಾಗ ಮಾತ್ರ ಆ ಬಾಗಿಲು ತೆರೆಯುತ್ತದೆ. 1934ರಲ್ಲಿ ಮಾಂಟ್ರಿಯಲ್‌ನಲ್ಲಿ ನರರೋಗ ಸಂಸ್ಥೆ ಕಟ್ಟಿದ ವೈಲ್ಡರ್ ಪೆನ್‌ಫೀಲ್ಡ್, ರೋಗಿ ಎಚ್ಚರವಿದ್ದಾಗಲೇ ಮೆದುಳಿನ ಮೇಲ್ಪದರಕ್ಕೆ ಸಣ್ಣ ಕರೆಂಟ್ ಕೊಟ್ಟು ನೋಡುತ್ತಿದ್ದರು. ಮೆದುಳಿಗೆ ತನ್ನದೇ ನೋವು ಗೊತ್ತಾಗುವುದಿಲ್ಲ, ತಲೆಯ ಚರ್ಮಕ್ಕೆ ಮರಗಟ್ಟುವ ಮದ್ದು ಕೊಟ್ಟರೆ ಸಾಕು. ಇಲ್ಲಿ ಮುಟ್ಟಿದರೆ ಹೆಬ್ಬೆರಳು ಅಲುಗಿತು, ಅಲ್ಲಿ ಮುಟ್ಟಿದರೆ ತುಟಿ ಜುಮ್ಮೆಂದಿತು, ಇನ್ನೊಂದು ಕಡೆ ಮುಟ್ಟಿದರೆ ಮಾತೇ ನಿಂತಿತು. ಹೀಗೆ ಒಬ್ಬೊಬ್ಬರಿಂದ ಕೂಡಿಸಿದ ನಕ್ಷೆ ಇವತ್ತಿಗೂ ಪಠ್ಯಪುಸ್ತಕಗಳಲ್ಲಿದೆ.

1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನ ಮೆದುಳಿನ ಎರಡೂ ಬದಿಯಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಒಳಭಾಗದ ದೊಡ್ಡ ಪಾಲನ್ನು ಸರ್ಜನ್ ವಿಲಿಯಂ ಸ್ಕೋವಿಲ್ ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಹೊಸದಾಗಿ ನಡೆದದ್ದು ಯಾವುದೂ ಅವರ ನೆನಪಲ್ಲಿ ನಿಲ್ಲದಾಯಿತು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಈ ಮೊಲೈಸನ್‌ರನ್ನು ವರ್ಷಾನುಗಟ್ಟಲೆ ಪರೀಕ್ಷಿಸಿದರು. ನೆನಪು ಎಲ್ಲಿ, ಹೇಗೆ ಕೂಡಿಕೊಳ್ಳುತ್ತದೆ ಎಂಬ ಆಧುನಿಕ ತಿಳುವಳಿಕೆಯ ಬುನಾದಿ ಆ ಒಬ್ಬ ಮನುಷ್ಯ. 2008ರಲ್ಲಿ ಅವರು ತೀರಿಕೊಳ್ಳುವ ತನಕ ಲೋಕಕ್ಕೆ ಗೊತ್ತಿದ್ದದ್ದು ಹೆಸರಿನ ಎರಡು ಅಕ್ಷರ ಮಾತ್ರ. ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂದದ್ದೂ ಫಿಟ್ಸ್ ತಡೆಯಲೆಂದು ಮೆದುಳಿನ ಎರಡು ಅರ್ಧಗಳ ನಡುವಿನ ಸೇತುವೆ ಕತ್ತರಿಸಿಕೊಂಡ ರೋಗಿಗಳ ಅಧ್ಯಯನದಿಂದ. 2005ರಲ್ಲಿ ಒಬ್ಬ ಪ್ರಸಿದ್ಧ ನಟಿಯ ಫೋಟೋ ಕಂಡಾಗ ಮಾತ್ರ ಮಿಡಿಯುವ ಒಂಟಿ ನರಕೋಶದ ಸುದ್ದಿ ಬಂತಲ್ಲ, ಅದೂ ಅಷ್ಟೇ. 2019ರಲ್ಲಿ ಎಡ್ವರ್ಡ್ ಚಾಂಗ್ ತಂಡ ಮೆದುಳಿನ ಸಂಕೇತಗಳಿಂದ ನೇರವಾಗಿ ಮಾತು ಹೊರಡಿಸಿ ತೋರಿಸಿದಾಗಲೂ ಎಲೆಕ್ಟ್ರೋಡ್ ಇದ್ದದ್ದು ಐವರು ಮೂರ್ಛೆ ರೋಗಿಗಳ ತಲೆಯಲ್ಲಿ.

ಸರ್ಜರಿಗೆ ಮುಂಚೆ ಆಸ್ಪತ್ರೆಯ ಹಾಸಿಗೆಯಲ್ಲಿ ದಿನಗಟ್ಟಲೆ ಮಲಗಿ ಫಿಟ್ಸ್ ಬರಲಿ ಎಂದು ಕಾಯುವವರು ಈ ರೋಗಿಗಳು. ಔಷಧಿ ಕಡಿಮೆ ಮಾಡಿರುತ್ತಾರೆ, ತಲೆಯಿಂದ ವೈರುಗಳು ಹೊರಟಿರುತ್ತವೆ. ಆ ಬಿಡುವಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದ ವಿಜ್ಞಾನಿ ಚಿತ್ರ ತೋರಿಸುತ್ತಾರೆ, ಪದ ಓದಿಸುತ್ತಾರೆ. ಹೆಚ್ಚಿನವರು ಬೇಸರವಿಲ್ಲದೆ ಒಪ್ಪುತ್ತಾರೆ. ಬರುವ ಪೇಪರ್ ನೆನಪಿನ ಮೇಲೆ, ಭಾಷೆಯ ಮೇಲೆ, ಮುಖ ಗುರುತಿಸುವುದರ ಮೇಲೆ. ಅದರಲ್ಲಿ ತಪ್ಪೇನಿಲ್ಲ, ಅದು ದೊಡ್ಡ ವಿಜ್ಞಾನವೇ. ಆದರೆ ಈ ಕ್ಷೇತ್ರಕ್ಕೆ ಬರುವ ಬುದ್ಧಿವಂತ ಯುವ ಸಂಶೋಧಕರಿಗೆ ಇದು ಕೊಡುವ ಸೂಚನೆ ಏನು? ರೋಗಿಯ ಮೆದುಳಿನಿಂದ ಬೇಗ ಹೆಸರು ಬರುತ್ತದೆ, ರೋಗಿಯ ರೋಗದಿಂದ ಬರುವುದಿಲ್ಲ.

ಹಾಗಾದರೆ ರೋಗದ ಕಡೆಗೇ ನಿಂತವರು ಏನು ಮಾಡುತ್ತಾರೆ?

ಫಿಟ್ಸ್ ಅಂದರೆ ನರಕೋಶಗಳ ಒಂದು ಗುಂಪು ಲಂಗುಲಗಾಮಿಲ್ಲದೆ ಒಟ್ಟಿಗೆ ಮಿಡಿಯುವುದು. ಬ್ರಿಟಿಷ್ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ 1870ರ ದಶಕದಲ್ಲೇ ಹೆಚ್ಚೂಕಡಿಮೆ ಇದನ್ನೇ ಹೇಳಿದ್ದರು, ಆಗಿನ್ನೂ ಮೆದುಳಿನ ವಿದ್ಯುತ್ ಮಿಡಿತ ದಾಖಲಿಸುವ ಇಇಜಿ ಅನ್ನೋದು ಇರಲೇ ಇಲ್ಲ. ಕೆರಳಿಸುವ ಕೋಶಗಳು ಗ್ಲುಟಮೇಟ್ ಬಿಡುತ್ತವೆ, ತಡೆಯುವ ಕೋಶಗಳು ಗಾಬಾ ಬಿಡುತ್ತವೆ, ಎರಡರ ಲೆಕ್ಕ ತಪ್ಪಿದರೆ ಫಿಟ್ಸ್. ಇದು ಶಾಲೆಯಲ್ಲಿ ಹೇಳಿಕೊಡಬಹುದಾದ ಚಿತ್ರ, ಮುಂದೆ ನೋಡುವ ಹಾಗೆ ಪೂರ್ತಿ ಸರಿಯೂ ಅಲ್ಲ.

ಔಷಧಿ ಹುಡುಕುವ ದಾರಿ 1930ರ ದಶಕದಲ್ಲೇ ನಿಗದಿಯಾಗಿಬಿಟ್ಟಿತು. ಮೆರಿಟ್ ಮತ್ತು ಪಟ್ನಮ್ ಎಂಬ ಇಬ್ಬರು ಬೆಕ್ಕುಗಳಿಗೆ ಕರೆಂಟ್ ಕೊಟ್ಟು ಫಿಟ್ಸ್ ಬರಿಸಿ, ಯಾವ ರಾಸಾಯನಿಕ ಅದನ್ನು ತಡೆಯುತ್ತದೆ ಎಂದು ಒಂದೊಂದಾಗಿ ನೋಡಿದರು. ಹೀಗೆ 1938ರಲ್ಲಿ ಫೆನಿಟಾಯಿನ್ ಬಂತು, ಇವತ್ತಿಗೂ ಬಳಕೆಯಲ್ಲಿದೆ. ಒಳ್ಳೆಯ ಕೆಲಸ. ಆದರೆ ಮುಂದಿನ ದಶಕಗಳಲ್ಲೂ ಅದೇ ಜಾತಿಯ ಪರೀಕ್ಷೆಯೇ ಜರಡಿಯಾಯಿತು. ಆರೋಗ್ಯವಂತ ಪ್ರಾಣಿಗೆ ಕರೆಂಟ್ ಅಥವಾ ರಾಸಾಯನಿಕದಿಂದ ಒಮ್ಮೆ ಫಿಟ್ಸ್ ಬರಿಸು, ಮದ್ದು ತಡೆಯುತ್ತದೆಯೇ ನೋಡು. ಒಂದೇ ಜರಡಿಯಲ್ಲಿ ಸೋಸಿದರೆ ಒಂದೇ ತರಹದ್ದು ತಾನೇ ಕೆಳಗೆ ಬೀಳೋದು? ಲೆವೆಟಿರಾಸಿಟಾಮ್ ಇದಕ್ಕೆ ಒಳ್ಳೆಯ ಸಾಕ್ಷಿ. ಆ ಹಳೆಯ ಪರೀಕ್ಷೆಗಳಲ್ಲಿ ಅದು ಸೋತಿತ್ತು. ಪದೇ ಪದೇ ಸಣ್ಣ ಪ್ರಚೋದನೆ ಕೊಟ್ಟು ನಿಧಾನವಾಗಿ ಮೂರ್ಛೆಗೆ ಒಲಿಸಿದ ಪ್ರಾಣಿಗಳಂಥ ಬೇರೆ ಬಗೆಯ ಪರೀಕ್ಷೆಗಳಲ್ಲಿ ಅದರ ಗುಣ ಗೊತ್ತಾಯಿತು. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಈಗ ಪ್ರಪಂಚದ ಎಲ್ಲ ಕಡೆ ಬರೆದುಕೊಡುವ ಮಾತ್ರೆ. ಒಂದು ಲ್ಯಾಬ್ ಬೇರೆ ದಾರಿಯಲ್ಲಿ ಪರೀಕ್ಷಿಸದೇ ಹೋಗಿದ್ದರೆ ಅದು ಕಸದ ಬುಟ್ಟಿ ಸೇರುತ್ತಿತ್ತು.

ಇನ್ನೂ ದೊಡ್ಡ ತೊಡಕು ಬೇರೆ ಇದೆ. ಫಿಟ್ಸ್ ತಡೆಯುವುದು ಒಂದು, ಮೆದುಳು ಮೂರ್ಛೆ ರೋಗಕ್ಕೆ ತಿರುಗುವುದನ್ನು ತಡೆಯುವುದು ಇನ್ನೊಂದು. 1990ರಲ್ಲಿ ನ್ಯಾನ್ಸಿ ಟೆಂಕಿನ್ ಮತ್ತು ಸಂಗಡಿಗರು ತಲೆಗೆ ಗಂಭೀರ ಪೆಟ್ಟಾದ 404 ಜನರಲ್ಲಿ ಅರ್ಧದಷ್ಟು ಮಂದಿಗೆ ಫೆನಿಟಾಯಿನ್, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ನೋಡಿದರು. ಮೊದಲ ವಾರ ಫೆನಿಟಾಯಿನ್ ತೆಗೆದುಕೊಂಡವರಲ್ಲಿ ಫಿಟ್ಸ್ ಗಣನೀಯವಾಗಿ ಕಡಿಮೆ. ಆಮೇಲೆ? ವ್ಯತ್ಯಾಸವೇ ಇಲ್ಲ. ಔಷಧಿ ಹೊರಗೆ ಕಾಣುವುದನ್ನು ತಡೆದಿತ್ತು, ಒಳಗೆ ಆಗುತ್ತಿದ್ದ ಬದಲಾವಣೆಯನ್ನು ಮುಟ್ಟಿರಲಿಲ್ಲ. ಮೂವತ್ತೈದು ವರ್ಷ ಕಳೆದರೂ ತಲೆಪೆಟ್ಟಿನ ನಂತರದ ಮೂರ್ಛೆ ರೋಗವನ್ನು ಮುಂಚಿತವಾಗಿ ತಡೆಯುತ್ತದೆ ಎಂದು ಸಾಬೀತಾದ ಔಷಧಿ ಒಂದೂ ಇಲ್ಲ.

ಈ ಒಳಗಿನ ಬದಲಾವಣೆಯನ್ನು ಲ್ಯಾಬಿನಲ್ಲಿ ಹಿಡಿಯುವುದು ಹೇಗೆ? ಇಲಿಗೆ ಪೈಲೊಕಾರ್ಪಿನ್ ಎಂಬ ರಾಸಾಯನಿಕ ಕೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಬಿಡುವಿಲ್ಲದ ಫಿಟ್ಸ್ ಶುರುವಾಗುತ್ತದೆ, ಗಂಟೆ ಎರಡು ಗಂಟೆಯಲ್ಲಿ ಡಯಾಜೆಪಾಮ್ ಕೊಟ್ಟು ನಿಲ್ಲಿಸುತ್ತಾರೆ. ಆಮೇಲೆ ಇಲಿ ಆರಾಮಾಗಿರುತ್ತದೆ. ತಿನ್ನುತ್ತದೆ, ಓಡಾಡುತ್ತದೆ. ದಿನಗಳೋ ವಾರಗಳೋ ಕಳೆದ ಮೇಲೆ, ಯಾವ ಮದ್ದೂ ಕೊಡದೆ, ತಾನಾಗಿಯೇ ಫಿಟ್ಸ್ ಬರತೊಡಗುತ್ತದೆ. ಆ ಮೌನದ ದಿನಗಳಲ್ಲಿ ಏನಾಯಿತು ಎಂಬುದೇ ಪ್ರಶ್ನೆ. ಉತ್ತರಕ್ಕಾಗಿ ಹಗಲೂ ರಾತ್ರಿ ವಿಡಿಯೋ ಮತ್ತು ಇಇಜಿ ದಾಖಲಿಸಬೇಕು, ಪಿಎಚ್‌ಡಿ ವಿದ್ಯಾರ್ಥಿ ಕೂತು ಅದನ್ನು ನೋಡಬೇಕು, ಅಥವಾ ಈಗಿನ ಹಾಗೆ ಕಂಪ್ಯೂಟರ್ ಆರಿಸಿಕೊಟ್ಟ ತುಣುಕುಗಳನ್ನಾದರೂ ನೋಡಬೇಕು. 1972ರಲ್ಲಿ ರೊನಾಲ್ಡ್ ರಸೀನ್ ಕೊಟ್ಟ ಐದು ಮೆಟ್ಟಿಲಿನ ಅಳತೆ ಈಗಲೂ ಬಳಕೆಯಲ್ಲಿದೆ. ಬಾಯಿ ಆಡಿಸಿದರೆ ಒಂದು, ತಲೆ ಕುಣಿಸಿದರೆ ಎರಡು, ಮುಂಗಾಲು ನಡುಗಿದರೆ ಮೂರು, ಹಿಂಗಾಲ ಮೇಲೆ ಎದ್ದು ನಿಂತರೆ ನಾಲ್ಕು, ನಿಂತು ಬಿದ್ದರೆ ಐದು. ಒಂದಕ್ಕೂ ಎರಡಕ್ಕೂ ನಡುವೆ ಇಬ್ಬರು ವಿದ್ಯಾರ್ಥಿಗಳು ಜಗಳ ಆಡೋದು ಮಾಮೂಲು.

ಇಲಿಯಲ್ಲಿ ವಾರಗಳು. ಮನುಷ್ಯರಲ್ಲಿ? ತಲೆಗೆ ಜೋರು ಪೆಟ್ಟು ಬಿದ್ದವರಿಗೆ ಹತ್ತು ವರ್ಷ ದಾಟಿದ ಮೇಲೂ ಮೂರ್ಛೆ ರೋಗದ ಅಪಾಯ ಜಾಸ್ತಿಯೇ ಇರುತ್ತದೆ. ಈಗ ವಿಜ್ಞಾನಿಯ ಕ್ಯಾಲೆಂಡರ್ ನೋಡಿ. ಪಿಎಚ್‌ಡಿಗೆ ಐದಾರು ವರ್ಷ. ಅದಾದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ, ಅಂದರೆ ಪೋಸ್ಟ್‌ಡಾಕ್, ಇನ್ನು ಮೂರೋ ಐದೋ, ಅದೂ ಸಾಮಾನ್ಯವಾಗಿ ಬೇರೆ ಊರಲ್ಲಿ, ಬೇರೆ ಗುರುವಿನ ಕೈಕೆಳಗೆ, ಎಷ್ಟೋ ಸಲ ಬೇರೆ ವಿಷಯದ ಮೇಲೆ. ಸ್ವಂತ ಲ್ಯಾಬ್ ಸಿಕ್ಕಿದರೆ ಗ್ರಾಂಟ್ ಮೂರರಿಂದ ಐದು ವರ್ಷಕ್ಕೆ, ಅಷ್ಟರೊಳಗೆ ಪೇಪರ್ ಬರಬೇಕು, ಬರದಿದ್ದರೆ ಮುಂದಿನ ಗ್ರಾಂಟ್ ಇಲ್ಲ. ಈ ಲೆಕ್ಕದಲ್ಲಿ ಹತ್ತು ವರ್ಷ ರೋಗಿಗಳ ಹಿಂದೆ ಹೋಗುವ ಅಧ್ಯಯನವನ್ನು ಮೂವತ್ತೈದರ ವಯಸ್ಸಿನವರು ಕೈಗೆತ್ತಿಕೊಳ್ಳಬೇಕು ಅನ್ನೋದು ಸುಮ್ನೆ ಆಸೆ. ಅವರು ಆರು ವಾರದಲ್ಲಿ ಉತ್ತರ ಕೊಡುವ ಇಲಿಯನ್ನೇ ಆರಿಸುತ್ತಾರೆ. ನಾವಾದರೂ ಅದನ್ನೇ ಮಾಡುತ್ತಿದ್ದೆವು.

ಇಲಿಯಿಂದ ಮನುಷ್ಯನಿಗೆ ದಾಟುವಾಗ ಏನಾಗುತ್ತದೆ ಎಂಬುದಕ್ಕೆ ಕ್ಲೋರೈಡ್ ಕಥೆ ಚೆನ್ನಾಗಿದೆ. ಔಷಧಿಗೆ ಜಗ್ಗದ ರೋಗಿಗೆ ಸರ್ಜರಿ ಮಾಡಿ ಮೆದುಳಿನ ತುಣುಕು ತೆಗೆದಾಗ, ಆಪರೇಷನ್ ಥಿಯೇಟರ್ ಹೊರಗೆ ಒಬ್ಬ ಸಂಶೋಧಕ ಆಮ್ಲಜನಕ ಗುಳುಗುಳಿಸುವ ತಣ್ಣನೆ ಉಪ್ಪುದ್ರಾವಣದ ಡಬ್ಬಿ ಹಿಡಿದು ಕಾಯುತ್ತಿರುತ್ತಾರೆ. ತುಣುಕು ಕೈಗೆ ಬಂದ ಕೂಡಲೇ ಲ್ಯಾಬಿಗೆ ಓಟ. ಕಂಪಿಸುವ ಬ್ಲೇಡಿನಿಂದ ಅರ್ಧ ಮಿಲಿಮೀಟರಿಗಿಂತ ತೆಳುವಾಗಿ ಹೆಚ್ಚಿದರೆ ಆ ಪದರ ಗಂಟೆಗಟ್ಟಲೆ ಜೀವಂತ ಇರುತ್ತದೆ. 2002ರಲ್ಲಿ ಪ್ಯಾರಿಸ್ಸಿನ ರಿಚರ್ಡ್ ಮೈಲ್ಸ್ ತಂಡ ಇಂಥ ಪದರಗಳಲ್ಲಿ ವಿಚಿತ್ರವೊಂದನ್ನು ಕಂಡಿತು. ದೇಹದಿಂದ ಹೊರಬಂದ ಆ ತುಣುಕು ತಾನಾಗಿಯೇ ಫಿಟ್ಸ್‌ನ ಕಿರುರೂಪದಂಥ ಮಿಡಿತ ತೋರಿಸುತ್ತಿತ್ತು, ಮತ್ತು ಕೆಲವು ಕೋಶಗಳಲ್ಲಿ ತಡೆಯಬೇಕಾದ ಗಾಬಾವೇ ಕೆರಳಿಸುತ್ತಿತ್ತು. ಬ್ರೇಕ್ ತುಳಿದರೆ ಗಾಡಿ ಮುಂದಕ್ಕೆ ನುಗ್ಗಿದ ಹಾಗೆ. ಆ ಕೋಶಗಳ ಒಳಗೆ ಕ್ಲೋರೈಡ್ ಹೆಚ್ಚಾಗಿರುವುದು ಕಾರಣ ಎಂಬ ವಿವರಣೆ ಬಂತು. ಎಳೆ ಪ್ರಾಣಿಗಳ ಮೆದುಳಿನಲ್ಲೂ ಹೀಗೇ ಎಂದು ನರವಿಜ್ಞಾನಿ ಯೆಹೆಜ್ಕೆಲ್ ಬೆನ್-ಆರಿ ಅದಕ್ಕೂ ಮುಂಚಿನಿಂದ ವಾದಿಸುತ್ತಿದ್ದರು.

ಹಾಗಾದರೆ ಕ್ಲೋರೈಡ್ ಒಳಬರುವುದನ್ನು ತಡೆದರೆ ಆಯಿತಲ್ಲ? ಅದಕ್ಕೆ ಬ್ಯುಮೆಟನೈಡ್ ಎಂಬ ಹಳೆಯ ಮೂತ್ರವರ್ಧಕ ಔಷಧಿ ಕೈಯಲ್ಲೇ ಇತ್ತು. ಪ್ರಾಣಿಗಳಲ್ಲಿ ಆಸೆ ಹುಟ್ಟಿಸಿತು. ನವಜಾತ ಶಿಶುಗಳಲ್ಲಿ ಯುರೋಪಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. 14 ಶಿಶುಗಳ ನಂತರ ಅರ್ಧಕ್ಕೇ ನಿಲ್ಲಿಸಿದ್ದರು. ಫಿಟ್ಸ್ ಮೇಲೆ ಪರಿಣಾಮ ಸಾಕಷ್ಟಿರಲಿಲ್ಲ, ಕೆಲವು ಶಿಶುಗಳ ಕಿವಿಗೆ ತೊಂದರೆಯಾಗಿತ್ತು. ಆ ಔಷಧಿ ರಕ್ತದಿಂದ ಮೆದುಳಿಗೆ ಸರಿಯಾಗಿ ದಾಟುವುದೇ ಇಲ್ಲ ಎಂಬುದು ಒಂದು ದೊಡ್ಡ ಅಡ್ಡಿ. ಲ್ಯಾಬಿನ ಕಂಡುಹಿಡಿತ ಸುಳ್ಳಾಗಲಿಲ್ಲ, ಆದರೆ ಅದು ಮಾತ್ರೆಯಾಗಲಿಲ್ಲ. ಹೀಗೆ ಎಷ್ಟೋ ಮಂದಿಯ ವೃತ್ತಿಜೀವನ ಇದೆ, ಪೇಪರ್ ಎಲ್ಲ ಸರಿ, ರೋಗಿಗೆ ಏನೂ ತಲುಪಲಿಲ್ಲ.

ತಲುಪಿದ್ದೂ ಇದೆ. ಎಲ್ಲಿ ತಲುಪಿತು, ಯಾಕೆ ತಲುಪಿತು ಅನ್ನೋದನ್ನು ನೋಡಿದರೆ ನನ್ನ ವಾದಕ್ಕೆ ಬಲ ಬರುತ್ತದೆ. ಮೊದಲ ವರ್ಷದಲ್ಲೇ, ಬಹಳ ಸಲ ಜ್ವರದ ಜೊತೆ, ದೀರ್ಘ ಫಿಟ್ಸ್ ಶುರುವಾಗಿ ಆಮೇಲೆ ಬೆಳವಣಿಗೆಯೂ ಕುಂಠಿತವಾಗುವ ಒಂದು ಕಾಯಿಲೆಯನ್ನು ಫ್ರಾನ್ಸಿನ ಶಾರ್ಲೆಟ್ ದ್ರಾವೆ 1978ರಲ್ಲಿ ಗುರುತಿಸಿದರು. ಅವರು ಮಾಡಿದ್ದು ಮಕ್ಕಳನ್ನು ತಾಳ್ಮೆಯಿಂದ ಗಮನಿಸಿದ್ದು. 2001ರಲ್ಲಿ ಬೆಲ್ಜಿಯಂ ತಂಡವೊಂದು ಇದಕ್ಕೆ ಎಸ್‌ಸಿಎನ್‌1ಎ ಎಂಬ ಜೀನಿನ ದೋಷ ಕಾರಣ ಎಂದು ತೋರಿಸಿತು. ನರಕೋಶ ಮಿಡಿಯಲು ಬೇಕಾದ ಸೋಡಿಯಂ ಹಾದುಹೋಗುವ ದ್ವಾರವೊಂದರ ಜೀನ್ ಅದು. ಇಲ್ಲೊಂದು ಒಗಟು ಇತ್ತು. ಸೋಡಿಯಂ ದ್ವಾರ ಕೆಟ್ಟರೆ ಮೆದುಳು ತಣ್ಣಗಾಗಬೇಕು ಅಲ್ವಾ, ಫಿಟ್ಸ್ ಯಾಕೆ? 2006ರಲ್ಲಿ ವಿಲಿಯಂ ಕ್ಯಾಟರಾಲ್ ತಂಡ ಇಲಿಗಳಲ್ಲಿ ಉತ್ತರ ಕಂಡಿತು: ಆ ದ್ವಾರ ಹೆಚ್ಚು ಮುಖ್ಯವಾಗಿರುವುದು ತಡೆಯುವ ಕೋಶಗಳಿಗೆ. ಅವೇ ಸೊರಗಿದರೆ ಉಳಿದವನ್ನು ಹಿಡಿಯುವವರಿಲ್ಲ. ಸೋಡಿಯಂ ದ್ವಾರ ಮುಚ್ಚುವ ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್‌ನಂಥ ಔಷಧಿಗಳು ಈ ಮಕ್ಕಳಲ್ಲಿ ಫಿಟ್ಸ್ ಹೆಚ್ಚಿಸುವುದನ್ನು ವೈದ್ಯರು ಮೊದಲೇ ಕಂಡಿದ್ದರು, ಕಾರಣ ಈಗ ಗೊತ್ತಾಯಿತು. ಜೀನ್ ಪರೀಕ್ಷೆಯ ಒಂದು ಹಾಳೆ ಯಾವ ಮಾತ್ರೆ ಕೊಡಬಾರದು ಎಂದು ನೇರವಾಗಿ ಹೇಳತೊಡಗಿತು.

ಅದೇ 2006ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸ್ಯಾಮ್ಯುಯೆಲ್ ಬರ್ಕೋವಿಚ್, ಇಂಗ್ರಿಡ್ ಶೆಫರ್ ಮತ್ತು ಜೊತೆಗಾರರು ಇನ್ನೊಂದು ಕೆಲಸ ಮಾಡಿದರು. ಲಸಿಕೆಯಿಂದಲೇ ಮೆದುಳು ಕೆಟ್ಟಿತು ಎಂದು ಹೇಳಲಾಗಿದ್ದ 14 ಜನರನ್ನು ಪರೀಕ್ಷಿಸಿದಾಗ 11 ಮಂದಿಯಲ್ಲಿ ಇದೇ ಜೀನಿನ ದೋಷ ಸಿಕ್ಕಿತು. ವರ್ಷಗಟ್ಟಲೆ ಮಗುವಿಗೆ ತಾವೇ ಲಸಿಕೆ ಹಾಕಿಸಿ ಹೀಗಾಯಿತೆಂದು ಕೊರಗಿದ ಅಪ್ಪ ಅಮ್ಮಂದಿರಿಗೆ ಇದು ಎಷ್ಟು ದೊಡ್ಡ ಉತ್ತರ ಎಂದು ಬೇರೆ ಹೇಳಬೇಕಿಲ್ಲ. ಈ ತಂಡ ದಶಕಗಳ ಕಾಲ ಒಂದೇ ಊರಲ್ಲಿ, ಒಂದೇ ಕುಟುಂಬಗಳ ಜೊತೆ, ಕ್ಲಿನಿಕ್ ಮತ್ತು ಲ್ಯಾಬ್ ಎರಡನ್ನೂ ಹಿಡಿದುಕೊಂಡು ಕೂತಿತ್ತು. ಮೂರ್ಛೆ ರೋಗದ ಮೊದಲ ಜೀನ್ 1995ರಲ್ಲಿ ಸಿಕ್ಕಿದ್ದೂ ಅವರು ವಂಶಾವಳಿ ಬರೆದಿಟ್ಟಿದ್ದ ಒಂದು ಕುಟುಂಬದಲ್ಲೇ. ಹೀಗೆ ಕೂರಲು ಎಷ್ಟು ಜನರಿಗೆ ಬಿಡುತ್ತಾರೆ?

ಬಿಡದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಅದೇ ಊರಿನದೇ ಉದಾಹರಣೆ. 2013ರಲ್ಲಿ ಮೆಲ್ಬರ್ನ್‌ನ ಮಾರ್ಕ್ ಕುಕ್ ತಂಡ 15 ರೋಗಿಗಳ ತಲೆಯೊಳಗೆ ಫಿಟ್ಸ್ ಮುನ್ಸೂಚನೆ ಕೊಡುವ ಸಾಧನ ಅಳವಡಿಸಿದ ಫಲಿತಾಂಶ ಪ್ರಕಟಿಸಿತು. ಕೆಲವರಿಗೆ ಅದು ನಿಜಕ್ಕೂ ಕೆಲಸ ಮಾಡಿತ್ತು. ಅಷ್ಟರಲ್ಲಿ ಸಾಧನ ತಯಾರಿಸಿದ ಕಂಪನಿಯ ದುಡ್ಡು ಮುಗಿದಿತ್ತು. ಸಾಧನಗಳನ್ನು ತೆಗೆದರು, ಬೇಡ ಎಂದು ಬೇಡಿಕೊಂಡವರಿಂದಲೂ ತೆಗೆದರು. ಉಳಿದದ್ದು ಡೇಟಾ. ತಿಂಗಳು ವರ್ಷಗಟ್ಟಲೆ ನಿಲ್ಲದೆ ದಾಖಲಾದ ಮನುಷ್ಯರ ಮೆದುಳಿನ ಮಿಡಿತ ಅದಕ್ಕೂ ಮೊದಲು ಯಾರ ಬಳಿಯೂ ಇರಲಿಲ್ಲ. ಇಂಥ ದೀರ್ಘ ದಾಖಲೆಗಳು ಕೈಗೆ ಬಂದ ಮೇಲೆಯೇ ಫಿಟ್ಸ್ ಬರುವುದು ಎಷ್ಟೋ ರೋಗಿಗಳಲ್ಲಿ ಕೆಲವು ವಾರಗಳ ಲಯದಲ್ಲಿ ಏರಿಳಿಯುತ್ತದೆ ಎಂದು ಗಟ್ಟಿಯಾಗಿ ಗೊತ್ತಾದದ್ದು. 2018ರಲ್ಲಿ ಬೇರೊಂದು ಬಗೆಯ ಸಾಧನ ಹೊತ್ತ 37 ರೋಗಿಗಳಲ್ಲಿ ಮ್ಯಾಕ್ಸಿಮ್ ಬೋ ಮತ್ತು ಸಂಗಡಿಗರೂ ಇದನ್ನೇ ತೋರಿಸಿದರು. ರೋಗಿಗಳು ಬಹಳ ಕಾಲದಿಂದ ಇದನ್ನೇ ಹೇಳುತ್ತಿದ್ದರು. ಎರಡು ಮೂರು ದಿನದ ಇಇಜಿಯಲ್ಲಿ ಅದು ಕಾಣುವಂಥದ್ದೇ ಅಲ್ಲ.

ಒಂದು ಮಾತು ಸ್ಪಷ್ಟ ಮಾಡಬೇಕು. ಎಲ್ಲ ಹೊಣೆಯೂ ನರವಿಜ್ಞಾನದ ತಲೆಗೆ ಕಟ್ಟುವುದು ಅನ್ಯಾಯ. ಮೂರ್ಛೆ ರೋಗಿಗಳಲ್ಲಿ ಸುಮಾರು ಶೇ. 80 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಅತಿ ಬಡ ದೇಶಗಳಲ್ಲಿ ನಾಲ್ಕರಲ್ಲಿ ಮೂವರಿಗೆ ಬೇಕಾದ ಚಿಕಿತ್ಸೆಯೇ ಸಿಗುವುದಿಲ್ಲ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್ ಸಿಕ್ಕಿದರೂ ಎಷ್ಟೋ ಜನರ ಬದುಕು ಬದಲಾಗುತ್ತದೆ, ಅದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಶ್ರೀಮಂತ ದೇಶಗಳಲ್ಲೂ ಗೊತ್ತಿರುವುದನ್ನು ಮಾಡುವುದಿಲ್ಲ. 2001ರಲ್ಲಿ ಕೆನಡಾದಲ್ಲಿ 80 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಕಿವಿಯ ಬದಿಯ ಟೆಂಪೊರಲ್ ಲೋಬ್‌ನಿಂದ ಹುಟ್ಟುವ ಫಿಟ್ಸ್‌ಗೆ ಸರ್ಜರಿಗೆಂದು ಆರಿಸಿದವರಲ್ಲಿ ಒಂದು ವರ್ಷದ ನಂತರ ಶೇ. 58 ಮಂದಿಗೆ ಪ್ರಜ್ಞೆ ತಪ್ಪಿಸುವ ಫಿಟ್ಸ್ ನಿಂತಿತ್ತು. ಬರೀ ಔಷಧಿಯಲ್ಲಿ ಮುಂದುವರಿದವರಲ್ಲಿ ಶೇ. 8. ಇಷ್ಟು ದೊಡ್ಡ ವ್ಯತ್ಯಾಸ ಕಂಡ ಮೇಲೂ ಸರ್ಜರಿಗೆ ಅರ್ಹರಾದ ಬಹಳಷ್ಟು ಜನ ಹತ್ತಿಪ್ಪತ್ತು ವರ್ಷ ಮಾತ್ರೆ ಬದಲಾಯಿಸುತ್ತಲೇ ಕಳೆಯುತ್ತಾರೆ. ಫಿಟ್ಸ್ ಹತೋಟಿಗೆ ಬಾರದಿರುವುದು ಬರೀ ತೊಂದರೆಯೂ ಅಲ್ಲ, ಜೀವಕ್ಕೇ ಅಪಾಯ. ಮೂರ್ಛೆ ರೋಗವಿರುವ ವಯಸ್ಕರಲ್ಲಿ ವರ್ಷಕ್ಕೆ ಸಾವಿರಕ್ಕೊಬ್ಬರಂತೆ ಬೇರೆ ಕಾರಣವಿಲ್ಲದೆ ದಿಢೀರ್ ಸಾಯುತ್ತಾರೆ, ಹೆಚ್ಚಾಗಿ ರಾತ್ರಿ ಹೊತ್ತು.

ಈಗ ಸುದ್ದಿಯಲ್ಲಿರುವುದು ಕೋಶ ಚಿಕಿತ್ಸೆ. 2013ರಲ್ಲಿ ಸ್ಕಾಟ್ ಬಾರಬನ್ ಲ್ಯಾಬ್ ತಡೆಯುವ ಕೋಶಗಳ ಮರಿರೂಪಗಳನ್ನು ಪೈಲೊಕಾರ್ಪಿನ್ ಇಲಿಗಳ ಹಿಪ್ಪೊಕ್ಯಾಂಪಸ್ಸಿಗೆ ಕಸಿ ಮಾಡಿದಾಗ ಫಿಟ್ಸ್ ಬಹಳ ಕಡಿಮೆಯಾಯಿತು. 2022ರಲ್ಲಿ ಅಮೆರಿಕದಲ್ಲಿ ಮನುಷ್ಯರ ಕಾಂಡಕೋಶದಿಂದ (ಸ್ಟೆಮ್ ಸೆಲ್) ಬೆಳೆಸಿದ ಇಂಥ ಕೋಶಗಳನ್ನು ಔಷಧಿಗೆ ಜಗ್ಗದ ರೋಗಿಗಳಿಗೆ ಕಸಿ ಮಾಡುವ ಮೊದಲ ಪ್ರಯೋಗ ಶುರುವಾಯಿತು. ಕೆಲಸ ಮಾಡಿದರೆ ಮೆದುಳಿನ ಭಾಗವನ್ನು ಕತ್ತರಿಸಿ ತೆಗೆಯುವ ಬದಲು ಒಳಗೆ ಏನನ್ನಾದರೂ ಸೇರಿಸಿ ಸರಿಪಡಿಸಿದ ಹಾಗೆ, ನೆನಪಿನ ಶಕ್ತಿಯನ್ನು ಪಣಕ್ಕಿಡಬೇಕಾಗಿಲ್ಲ. ನನಗೂ ಇದರ ಮೇಲೆ ಆಸೆ ಇದೆ. ಆದರೆ ಮಾತ್ರೆಯಾದರೆ ನಿಲ್ಲಿಸಬಹುದು, ಕಸಿ ಮಾಡಿದ ಕೋಶ ಒಳಗೇ ಉಳಿಯುತ್ತದೆ, ಬೆಳೆಯುತ್ತದೆ, ನಿಧಾನವಾಗಿ ಸಂಪರ್ಕ ಕಟ್ಟಿಕೊಳ್ಳುತ್ತದೆ. ಮನುಷ್ಯರ ಕೋಶ ಪಕ್ವವಾಗಲು ಇಲಿಯ ಕೋಶಕ್ಕಿಂತ ಎಷ್ಟೋ ಜಾಸ್ತಿ ಸಮಯ ಬೇಕು. ಮೊದಲ ವರ್ಷದ ಅಂಕಿ ಎಷ್ಟೇ ಚೆನ್ನಾಗಿ ಬಂದರೂ ನಾನು ಕೇಳುವ ಪ್ರಶ್ನೆ ಹತ್ತನೇ ವರ್ಷದ್ದು, ಮತ್ತು ಆ ಹತ್ತನೇ ವರ್ಷದ ಇಇಜಿ ತೆಗೆಯುವವರ ಸಂಬಳಕ್ಕೆ ಈಗಲೇ ಯಾರು ದುಡ್ಡು ಎತ್ತಿಟ್ಟಿದ್ದಾರೆ ಅನ್ನೋದು.